ಅಲೆಯಾಟಕ್ಕೆ ನಾನು ಕ್ಷಮೆ ಕೇಳುವುದಿಲ್ಲ

ಮಗಳು ಕಳೆದ ಜುಲೈನಲ್ಲಿ ಕೋಸ್ಟರಿಕಾಕ್ಕೆ ಹೋಗಿ ಬಂದದ್ದನ್ನು ನಮ್ಮ ಕನ್ನಡ ಸಂಘದ ದೀಪಾವಳಿ ಸಂಚಿಕೆಗೆ ಎರಡು ಪುಟ ಬರೆದುಕೊಟ್ಟಿದ್ದೆ. ಅವಳಿಗೆ 16 ವರ್ಷ. ಅವಳದೇ ಓರಗೆಯ 13 ಮಕ್ಕಳು, 14 ದಿನ, ಪೆಸಿಫಿಕ್ ದಂಡೆಯ ನೊಸಾರಾ ಎಂಬ ಊರು. ನಸುಕಿನಲ್ಲಿ ಆಮೆಗಳು ಮೊಟ್ಟೆಯಿಡುವ ದಂಡೆಯಲ್ಲಿ ಕೆಲಸ, ಆಮೇಲೆ ಉಬ್ಬರ ನೋಡಿಕೊಂಡು ಸರ್ಫಿಂಗ್ ಕಲಿಕೆ. ಬರೆದದ್ದು ಇಷ್ಟೇ. ಬಂದ ಆಕ್ಷೇಪಗಳನ್ನು ಕೂಡಿಸಿದರೆ ಲೇಖನದ ನಾಲ್ಕು ಪಟ್ಟಾದೀತು. ಕೆಲವರು ಪತ್ರ ಬರೆದರು. ಕೆಲವರು ಸಂಘದ ಊಟದ ಹೊತ್ತಿನಲ್ಲಿ ತಟ್ಟೆಯ ಬಿಸಿಬೇಳೆಬಾತು ಆರಿ ತಣ್ಣಗಾದರೂ ಬಿಡಲಿಲ್ಲ. ಹೊನ್ನಾವರದಿಂದ ನಮ್ಮ ದೊಡ್ಡಣ್ಣ ಫೋನಿನಲ್ಲಿ ಮುಕ್ಕಾಲು ಗಂಟೆ ವಾದಿಸಿದ. ಕೇಳಿದವರೆಲ್ಲ ನನಗೆ ಬೇಕಾದವರು, ಮಗಳನ್ನು ಎತ್ತಿ ಆಡಿಸಿದವರು. ಅವರ ಮಾತನ್ನು ನಕ್ಕು ತೇಲಿಸಿಬಿಡುವುದು ನನ್ನಿಂದಾಗದು. ಒಪ್ಪಿಕೊಳ್ಳುವುದೂ ಆಗದು. ಹಾಗಾಗಿ ಈ ಉತ್ತರ.

ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಬಂದ ಮಾತು: "ಅಲೆಯ ಮೇಲೆ ಆಟವಾಡಲು ಹೋದವರು ಸೇವೆ ಎಂದು ಯಾಕೆ ಹೆಸರು ಹಚ್ಚಿಕೊಳ್ಳಬೇಕು? ಮಜಾ ಮಾಡಿ ಬಂದೆವು ಅಂದರೆ ಸಾಲದೆ?" ಈ ಮಾತಿನ ಹಿಂದೆ ಒಂದು ನಂಬಿಕೆಯಿದೆ. ಪ್ರವಾಸದ ಆಟದ ಭಾಗ ನಾಚಿಕೆಯದು, ಸೇವೆಯ ಭಾಗ ಅದನ್ನು ಮುಚ್ಚುವ ಶಾಲು ಎನ್ನುವ ನಂಬಿಕೆ. ನನ್ನ ಎಣಿಕೆ ಇದಕ್ಕೆ ತಿರುಗುಮುರುಗು. ಆ 14 ದಿನಗಳಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲದ ಭಾಗ ಸರ್ಫಿಂಗ್. ಅನುಮಾನ ಇದ್ದದ್ದು, ನಿದ್ದೆ ಕೆಡಿಸಿದ್ದು ಸೇವೆಯೇ.

ನೀರಿನಲ್ಲಿ ನನ್ನ ಮಗಳು ಯಾರು? ವಿದ್ಯಾರ್ಥಿನಿ. ಕಲಿಸುವವನು ಅದೇ ಊರಿನ ಮೀನುಗಾರನ ಮಗ. ಆ ಕಡಲು ಅವನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವನ ವಿದ್ಯೆಗೆ ಅವನಿಗೆ ಸಂಬಳ. ಮೊದಲ ದಿನ ಹಲಗೆಯನ್ನು ಮರಳ ಮೇಲಿಟ್ಟು ಬೋರಲು ಮಲಗಿಸಿ, ಎದ್ದು ನಿಲ್ಲುವುದನ್ನೇ ನಲವತ್ತು ಸಲ ಮಾಡಿಸಿದನಂತೆ. ಎರಡನೇ ದಿನ ಸೊಂಟದ ಮಟ್ಟದ ನೀರು, ಒಡೆದು ಬರುವ ನೊರೆತೆರೆ, ಬಿದ್ದರೆ ಪೆಟ್ಟಾಗದ ಮೆತ್ತನೆಯ ಫೋಮ್ ಹಲಗೆ. ಅಲ್ಲಿ ಒಂದು ಕಟ್ಟುಪಾಡು ಇದೆ: ಅಲೆ ಒಡೆಯಲು ಶುರುವಾಗುವ ಜಾಗಕ್ಕೆ ಯಾರು ಹತ್ತಿರವೋ ಆ ಅಲೆ ಅವರದು, ಬೇರೆಯವರು ನುಗ್ಗಬಾರದು. ಅಮೆರಿಕದ ನಮ್ಮ ಊರು ಫ್ರೀಮಾಂಟಿನಿಂದ ಬಂದವಳು ಊರಿನ ಎಂಟು ವರ್ಷದ ಪೋರನಿಗೆ ದಾರಿ ಬಿಟ್ಟು ಕಾಯಬೇಕು. ಕಾದಳು. ದುಡ್ಡಿರುವ ದೇಶದಿಂದ ಬಂದ ಮಗು ಇನ್ನೊಂದು ದೇಶದವರ ಎದುರು ಹೀಗೆ ಕೈಕಟ್ಟಿ ಕಲಿಯುವ ಸಂದರ್ಭ ಎಷ್ಟು ಸಲ ಒದಗಿ ಬರುತ್ತದೆ ಹೇಳಿ. ಅದನ್ನು ಬರಿಯ ನೀರಾಟ ಎನ್ನುವವರಿಗೆ ಒಂದು ಮಾತು: ಅಲ್ಲಿ ಅದು ಬದುಕು, ಹೆಮ್ಮೆ ಎರಡೂ. ಆ ದೇಶದ ಬ್ರಿಸಾ ಹೆನ್ನೆಸ್ಸಿ 2024ರ ಒಲಿಂಪಿಕ್ಸ್ ಸರ್ಫಿಂಗಿನಲ್ಲಿ ನಾಲ್ಕನೆಯವಳಾದಳು.

ಸೇವೆಯ ಕತೆ ಹಾಗಲ್ಲ. ಅಲ್ಲಿ 16 ವರ್ಷದವಳು "ನಾನು ಕೊಡಲು ಬಂದವಳು" ಅಂದುಕೊಂಡೇ ವಿಮಾನ ಇಳಿಯುತ್ತಾಳೆ. ಮೊದಲು ನಾವು ಗೊತ್ತುಮಾಡಿದ್ದ ಬೇರೊಂದು ಸಂಸ್ಥೆಯ ದಿನಚರಿಯಲ್ಲಿ "ಅನಾಥಾಲಯದ ಮಕ್ಕಳ ಜೊತೆ ಒಂದು ಮಧ್ಯಾಹ್ನ" ಎಂದಿತ್ತು, ಅದರ ಕೆಳಗೆ "ಶಾಲೆಯ ಗೋಡೆಗೆ ಬಣ್ಣ". ಓದಿ ಹೊಟ್ಟೆ ತೊಳಸಿತು. ಕಾಂಬೋಡಿಯಾದಲ್ಲಿ ಅನಾಥಾಲಯಗಳ ಮಕ್ಕಳನ್ನು ಎಣಿಸಿ ನೋಡಿದಾಗ ಸುಮಾರು ಮುಕ್ಕಾಲು ಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರು. ನೋಡಲು ಬರುವ ವಿದೇಶಿಯರು ಹೆಚ್ಚಿದಂತೆ ಅನಾಥಾಲಯಗಳೂ ಹೆಚ್ಚಿದವು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ಕಾಯ್ದೆ ತರುವಾಗ ಈ ದಂಧೆಯೂ ಚರ್ಚೆಗೆ ಬಂದಿತ್ತು. ಒಂದು ಮಧ್ಯಾಹ್ನ ತೊಡೆಯ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡು ಎದ್ದು ಹೋಗುವ ಅಕ್ಕಂದಿರನ್ನು ಒಂದು ಮಗು ವರ್ಷಕ್ಕೆ ಎಷ್ಟು ಸಲ ಕಳೆದುಕೊಳ್ಳಬೇಕು? ಗೋಡೆಯ ವಿಷಯಕ್ಕೆ ಬಂದರೆ, ಆ ಊರಿನಲ್ಲಿ ಬಣ್ಣ ಬಳಿಯುವವರಿಲ್ಲವೆ? ಮುಂಗಡ ಹೋದರೆ ಹೋಗಲಿ ಎಂದು ಹೆಸರು ತೆಗೆಸಿದೆ. ಹೋಯಿತು ಕೂಡ.

ಆಮೇಲೆ ಸಿಕ್ಕಿದ್ದು ನೊಸಾರಾ. ಅದರ ಉತ್ತರಕ್ಕೆ ಕೆಲವೇ ಮೈಲಿಗಳಾಚೆ ಒಸ್ತಿಯೊನಾಲ್ ಎಂಬ ಹಳ್ಳಿ. ಅಲ್ಲಿಗೆ ಆಲಿವ್ ರಿಡ್ಲಿ ಆಮೆಗಳು ಒಂದೊಂದಾಗಿ ಬರುವುದಿಲ್ಲ, ದಂಡೆತ್ತಿ ಬರುತ್ತವೆ. ಮಳೆಗಾಲದ ತಿಂಗಳುಗಳಲ್ಲಿ ಕೃಷ್ಣಪಕ್ಷದ ಕೊನೆಯ ರಾತ್ರಿಗಳ ಆಸುಪಾಸು ಸಾವಿರಗಟ್ಟಲೆ, ಕೆಲವು ಸಲ ಲಕ್ಷದ ಲೆಕ್ಕದಲ್ಲಿ. ಅದಕ್ಕೆ ಅವರು ಅರ್ರಿಬಾದಾ ಎನ್ನುತ್ತಾರೆ, ಆಗಮನ ಎಂದರ್ಥ. ಮೊದಲ ರಾತ್ರಿಗಳಲ್ಲಿ ಬಂದ ಆಮೆಗಳ ಮೊಟ್ಟೆಯನ್ನು ಹಿಂದೆ ಬರುವ ಆಮೆಗಳು ತಾವು ಗುಂಡಿ ತೋಡುವಾಗ ಒಡೆದು ಹಾಕುತ್ತವೆ, ಒಡೆದದ್ದು ಕೊಳೆತು ಉಳಿದವನ್ನೂ ಕೆಡಿಸುತ್ತದೆ. ಹೇಗೂ ಹಾಳಾಗುವ ಆ ಮೊದಲ ಪಾಲಿನಲ್ಲಿ ಒಂದಿಷ್ಟನ್ನು ತೆಗೆದು ಮಾರಲು ಊರಿನ ಸಂಘಕ್ಕೆ 1987ರಿಂದ ಕಾನೂನಿನ ಒಪ್ಪಿಗೆಯಿದೆ. ಬದಲಿಗೆ ಊರವರು ದಂಡೆ ಕಾಯಬೇಕು, ಕಳ್ಳರನ್ನು ತಡೆಯಬೇಕು, ಮಳೆಹೊಳೆ ತಂದು ಹಾಕಿದ ಮರದ ದಿಮ್ಮಿಗಳನ್ನು ತೆಗೆದು ಆಮೆ ಹತ್ತಲು ದಾರಿ ಮಾಡಬೇಕು, ಮರಿಗಳು ಕಡಲು ಸೇರುವವರೆಗೆ ನೋಡಿಕೊಳ್ಳಬೇಕು. ನಾನು ಹೊನ್ನಾವರದವಳು. ನನ್ನ ಬಾಲ್ಯದಲ್ಲಿ ನಮ್ಮ ಕೇರಿಯಲ್ಲಿ ಆಮೆಮೊಟ್ಟೆ ತಿನ್ನುವವರಿದ್ದರು, ಕದ್ದು ತಿನ್ನುತ್ತಿದ್ದರು; 1972ರ ವನ್ಯಜೀವಿ ಕಾಯ್ದೆ ಇತ್ತಲ್ಲ. ಮೊಟ್ಟೆ ಮಾರುವ ಊರೇ ಆಮೆಯ ಕಾವಲುಗಾರನಾಗಬಹುದು ಎನ್ನುವುದನ್ನು ನಂಬಲು ನನಗೆ ಹೊತ್ತು ಹಿಡಿಯಿತು.

ಆ ದಂಡೆಯಲ್ಲಿ ನನ್ನ ಮಗಳು ಮಾಡಿದ ಸೇವೆ ಏನು ಗೊತ್ತೆ? ದಿಮ್ಮಿ ಎಳೆದದ್ದು. ನಸುಕಿನಲ್ಲಿ ಕೋಲು ಹಿಡಿದು ನಿಂತು, ಮರಳಿನಿಂದ ಎದ್ದು ಬರುವ ಅಂಗೈಗಿಂತ ಚಿಕ್ಕ ಮರಿಗಳ ಮೇಲೆ ಎರಗುವ ಕರಿ ರಣಹದ್ದುಗಳನ್ನೂ ಬೀದಿನಾಯಿಗಳನ್ನೂ ಓಡಿಸಿದ್ದು. ನಮ್ಮಲ್ಲಿ ಗದ್ದೆಯ ಬದುವಿನ ಮೇಲೆ ಕೂತು ಮಕ್ಕಳು ಹಕ್ಕಿ ಕಾಯುತ್ತಿದ್ದರಲ್ಲ, ಅದೇ ಕೆಲಸ. ಯಾವ ಪರಿಣತಿಯೂ ಬೇಡ. ಮಕ್ಕಳು ಮಾಡಬಹುದಾದದ್ದು, ಕೆಟ್ಟರೆ ಯಾರ ಬಾಳೂ ಕೆಡದಂಥದ್ದು. ಎಲ್ಲಿ ನಿಲ್ಲಬೇಕು, ಯಾವಾಗ ಸುಮ್ಮನಿರಬೇಕು, ಮರಿಯನ್ನು ಯಾಕೆ ಮುಟ್ಟಬಾರದು ಎಂದು ಹೇಳಿಕೊಟ್ಟವರು ಊರಿನ ಹೆಂಗಸರು. ಅಲ್ಲೂ ಅವಳು ವಿದ್ಯಾರ್ಥಿನಿಯೇ. ಸರ್ಫಿಂಗ್ ಹಲಗೆಯ ಮೇಲೆ ಹೇಗಿದ್ದಳೋ ದಂಡೆಯ ಮೇಲೂ ಹಾಗೇ ಇರಬೇಕು ಎನ್ನುವುದಷ್ಟೇ ನನ್ನ ವಾದ. ಆಟವನ್ನು ಕಿತ್ತು ಸೇವೆಯನ್ನು ಉಳಿಸಿ ಎನ್ನುವವರು ನೆಟ್ಟಗಿರುವ ಕಾಲನ್ನೇ ಕಡಿಯಲು ಹೊರಟಿದ್ದಾರೆ.

ನಿವೃತ್ತ ಪ್ರಾಧ್ಯಾಪಕರೊಬ್ಬರು ಇವಾನ್ ಇಲಿಚ್‌ನನ್ನು ಎದುರಿಗೆ ತಂದು ನಿಲ್ಲಿಸಿದರು. ಅವರ ಪತ್ರಕ್ಕೆ ನಾನು ಋಣಿ, ಮತ್ತೆ ಓದುವಂತೆ ಮಾಡಿದರು. 1968ರ ಏಪ್ರಿಲ್‌ನಲ್ಲಿ, ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆಂದು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರೇ ನಿಂತು ಆ ಪಾದ್ರಿ ನಿಮ್ಮ ಒಳ್ಳೆಯ ಮನಸ್ಸೇ ಇಲ್ಲಿನವರಿಗೆ ಅವಮಾನ, ಬರಬೇಡಿ ಎಂದು ಹೇಳಿದ. ಭಾಷೆ ಬಾರದವರು, ಬೈಸಿಕೊಂಡರೂ ಬೈಸಿಕೊಂಡದ್ದು ಅರ್ಥವಾಗದವರು, ಏನು ಉಪಕಾರ ಮಾಡಿಯಾರು ಎನ್ನುವುದು ಅವನ ಪ್ರಶ್ನೆ. ಇದನ್ನು ಹೇಳಿ ಪ್ರಾಧ್ಯಾಪಕರು ನನ್ನ ಮಗಳ ಪ್ರವಾಸಕ್ಕೆ ಅಡ್ಡಗೆರೆ ಎಳೆದರು. ಆದರೆ ಅದೇ ಭಾಷಣವನ್ನು ಕೊನೆಯವರೆಗೆ ಓದಬೇಕು. ಇಲಿಚ್ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಓದಲು ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬ ಅರ್ಥದಲ್ಲಿ ಮುಗಿಸುತ್ತಾನೆ. ಅವನು ತಡೆದದ್ದು ಅನಾಥಾಲಯದ ಮಧ್ಯಾಹ್ನವನ್ನು. ಅಲೆ ಹತ್ತಲು ಬಂದವಳನ್ನು ಅವನು ತಡೆಯಲಿಲ್ಲ. ಇಲಿಚ್ ನನ್ನ ಕಡೆಯ ಸಾಕ್ಷಿ.

ಜೊತೆಗೆ ಇನ್ನೊಂದು. ಕೋಸ್ಟರಿಕಾ ನಮ್ಮ ಮಕ್ಕಳು ಹೋಗಿ ಎತ್ತಿ ನಿಲ್ಲಿಸಬೇಕಾದ ದೇಶವಲ್ಲ. 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿದ ದೇಶ ಅದು. ಓದು ಬರಹ ಬಾರದವರು ಅಲ್ಲಿ ತೀರ ವಿರಳ. ಅಲ್ಲಿನ ಕೋಸ್ಟರಿಕಾ ವಿಶ್ವವಿದ್ಯಾಲಯದಲ್ಲಿ ಪದವಿ ಬೇಕಾದರೆ ಪ್ರತಿ ವಿದ್ಯಾರ್ಥಿ 300 ಗಂಟೆ ಸಮುದಾಯದ ಕೆಲಸ ಮಾಡಲೇಬೇಕು. ಸೇವೆಯನ್ನು ನಾವು ಅಲ್ಲಿಗೆ ಹೊತ್ತುಕೊಂಡು ಹೋಗಬೇಕಾಗಿಲ್ಲ, ನೋಡಿ ಕಲಿತು ಬರಬಹುದು.

"ಖರ್ಚು ಮಾಡಿದ ಅಷ್ಟೂ ಡಾಲರನ್ನು ಆ ಊರಿಗೇ ಕಳಿಸಿದ್ದರೆ?" ಲೆಕ್ಕ ಬಲ್ಲವರ ಈ ಪ್ರಶ್ನೆ ಗೋಡೆಗೆ ಬಣ್ಣ ಬಳಿಯುವ ಪ್ರವಾಸಗಳಿಗೆ ನೂರಕ್ಕೆ ನೂರು ಸರಿ. ಅಲ್ಲಿ ಮಕ್ಕಳ ಬದಲು ಹಣವೇ ಹೋಗಲಿ. ಒಸ್ತಿಯೊನಾಲ್ ಬೇರೆ. ಅಲ್ಲಿ ದಂಡೆ ತೋರಿಸುವ ಮಾರ್ಗದರ್ಶಕಿ, ನಮ್ಮ ಮಕ್ಕಳಿಗೆ ಬೆಳಿಗ್ಗೆ ಅನ್ನ ಮತ್ತು ಕಪ್ಪು ಬೀನ್ಸನ್ನು ಒಟ್ಟಿಗೆ ಹುರಿದ ಗಾಯೋ ಪಿಂತೋ ಬಡಿಸಿದ ಮನೆಯಾಕೆ, ಸರ್ಫಿಂಗ್ ಮೇಷ್ಟ್ರು, ಇವರೆಲ್ಲ ದಾನ ತೆಗೆದುಕೊಳ್ಳುವವರಲ್ಲ, ದುಡಿದು ಗಳಿಸುವವರು. ಆಮೆ ಬದುಕಿದ್ದರೆ ಅವರ ಮನೆಗೆ ಅತಿಥಿ ಬರುತ್ತಾನೆ. ಫ್ರೀಮಾಂಟಿನಿಂದ ಹೋದ ಚೆಕ್ಕು ಆ ಮನೆಯಾಕೆಯ ಒಲೆಯವರೆಗೆ ತಲುಪುವ ದಾರಿಯನ್ನು ಯಾರಾದರೂ ತೋರಿಸಿದರೆ ನಾನು ಅದನ್ನೂ ಬರೆಯುತ್ತೇನೆ.

ಹಣ ಯಾರ ಕೈ ಸೇರುತ್ತದೆ ಎಂದು ಕೇಳದೆ ನಾನೂ ಕಟ್ಟಲಿಲ್ಲ. ಮೂರು ಪ್ರಶ್ನೆ ಕೇಳಿದೆ. ಮೇಷ್ಟ್ರಿಗೆ ಸಂಬಳ ಕೊಡುವವರು ಯಾರು? ಏನು ಕೆಲಸ ಎಂದು ತೀರ್ಮಾನಿಸಿದವರು ಯಾರು? ಈ ಮಕ್ಕಳು ಹೋಗದಿದ್ದರೆ ಆ ಕೆಲಸದ ಗತಿಯೇನು? ಮೂರನೆಯದಕ್ಕೆ ಆ ಕಡೆಯಿಂದ ಬಂದ ಉತ್ತರ, "ಊರವರೇ ಮಾಡುತ್ತಾರೆ, ಇನ್ನೆರಡು ದಿನ ಹೆಚ್ಚು ಹಿಡಿಯುತ್ತದೆ." ಇದನ್ನು ಹೇಳಿದಾಗ ಗೆಳತಿಯೊಬ್ಬಳು, "ಹಾಗಾದರೆ ಇವರು ಹೋಗಿ ಏನು ಉಪಯೋಗವಾಯಿತು?" ಅಂದಳು. ನನಗೆ ಧೈರ್ಯ ಬಂದದ್ದೇ ಆ ಉತ್ತರದಿಂದ. ಹದಿನಾರರ ಮಕ್ಕಳ ಗುಂಪು ಬಾರದಿದ್ದರೆ ನಿಂತುಹೋಗುವ ಕೆಲಸ ಯಾವುದಾದರೂ ಒಂದು ಊರಿನಲ್ಲಿದ್ದರೆ, ಆ ಊರನ್ನು ಯಾರೋ ಅಪಾಯದಲ್ಲಿಟ್ಟಿದ್ದಾರೆ ಎಂದೇ ಅರ್ಥ.

ಇನ್ನು ಭಯದ ಮಾತು. ಇದನ್ನು ಆಡಿದವರು ಹೆಚ್ಚಾಗಿ ತಾಯಂದಿರು, ಅದಕ್ಕೆ ಉತ್ತರಿಸುವಾಗ ನನ್ನ ದನಿಯೂ ಮೆತ್ತಗಾಗುತ್ತದೆ. ಒಬ್ಬರು ಜೈರೊ ಮೊರಾ ಸಾಂದೋವಾಲ್‌ನ ಸುದ್ದಿಯ ತುಣುಕನ್ನು ಕತ್ತರಿಸಿ ಕಳಿಸಿದ್ದರು. 26 ವರ್ಷದ ಹುಡುಗ. 2013ರ ಮೇ 30ರ ರಾತ್ರಿ, ಕೆರಿಬಿಯನ್ ಕಡೆಯ ಮೊಯಿನ್ ದಂಡೆಯಲ್ಲಿ ಆಮೆಗಳ ಕಾವಲಿಗೆ ಹೋದವನನ್ನು ಅಪಹರಿಸಿ ಕೊಂದರು. ಜೊತೆಗಿದ್ದ ವಿದೇಶಿ ಸ್ವಯಂಸೇವಕಿಯರು ಬದುಕಿ ಬಂದರು. ಮೊದಲ ವಿಚಾರಣೆಯಲ್ಲಿ ಖುಲಾಸೆಯಾಗಿದ್ದ ಆರೋಪಿಗಳಲ್ಲಿ ನಾಲ್ವರಿಗೆ 2016ರಲ್ಲಿ ಮರುವಿಚಾರಣೆಯಾಗಿ ಶಿಕ್ಷೆಯಾಯಿತು. ಓದಿ ನನಗೂ ಕೈ ನಡುಗಿತು. ಅವನು ತನ್ನ ನಾಡಿನ ದಂಡೆಗಾಗಿ ಸತ್ತವನು, ಅವನ ಹೆಸರನ್ನು ನಮ್ಮ ಮಕ್ಕಳನ್ನು ಹೆದರಿಸಲು ಬಳಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಆ ಸಾವಿನಿಂದ ಕಲಿಯಬೇಕಾದದ್ದು ಖಂಡಿತ ಇದೆ. ಮಾದಕ ವಸ್ತು ಸಾಗಿಸುವವರೂ ಮೊಟ್ಟೆಗಳ್ಳರೂ ಓಡಾಡುವ ದಂಡೆಯ ರಾತ್ರಿ ಗಸ್ತಿಗೆ ಮಕ್ಕಳನ್ನು ಯಾವ ಕಾರಣಕ್ಕೂ ಕಳಿಸಬಾರದು. ನಮ್ಮ ಗುಂಪಿಗೆ ಗಸ್ತು ಇರಲಿಲ್ಲ. ರಾತ್ರಿ ದಂಡೆಗೆ ಹೋದದ್ದು ಒಮ್ಮೆ, ಊರಿನ ಮಾರ್ಗದರ್ಶಕಿಯ ಹಿಂದೆ, ಕೆಂಪು ದೀಪದಲ್ಲಿ, ಆಮೆ ಮೊಟ್ಟೆಯಿಡುವುದನ್ನು ನೋಡಲು.

ಕಡಲಿನ ಭಯಕ್ಕೆ ನನ್ನ ಉತ್ತರ ಇನ್ನೂ ಗಟ್ಟಿ. ನೀರಿಗಿಳಿಸುವ ಮೊದಲು ಆ ಮೇಷ್ಟ್ರು ಮಕ್ಕಳನ್ನು ಒಂದು ಗಂಟೆ ಮರಳಲ್ಲಿ ಕೂರಿಸಿ ನೀರನ್ನು ಓದಿಸಿದ. ಎರಡು ಕಡೆ ಅಲೆ ಒಡೆಯುತ್ತಾ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಂಡರೆ ಅಲ್ಲಿಗೆ ಹೋಗಬೇಡಿ. ದಡಕ್ಕೆ ಬಂದ ನೀರು ಕಡಲಿಗೆ ಮರಳುವ ದಾರಿ ಅದು, ಒಳಕ್ಕೆ ಎಳೆಯುತ್ತದೆ. ಸಿಕ್ಕಿಬಿದ್ದರೆ ದಡದತ್ತ ಈಜಿ ಸುಸ್ತಾಗಬೇಡಿ, ದಡಕ್ಕೆ ಸಮನಾಗಿ ಅಡ್ಡಡ್ಡ ಈಜಿ ಸೆಳವಿನಿಂದ ಹೊರಬನ್ನಿ. ನಾನು ಕಡಲೂರಿನಲ್ಲಿ ಹುಟ್ಟಿ ಬೆಳೆದವಳು, ಇದನ್ನು ನನಗೆ ಯಾವ ಶಾಲೆಯೂ ಹೇಳಿಕೊಡಲಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ನೀರುಪಾಲಾದರು. ಆ ಸುದ್ದಿ ಓದಿದ ದಿನ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಕಡಲಿನ ಹತ್ತಿರ ಸುಳಿಯಬೇಡಿ ಎಂದು ಮಕ್ಕಳಿಗೆ ಹೇಳುವುದು ಸುಲಭ, ಆದರೆ ಮಕ್ಕಳು ಒಂದಲ್ಲ ಒಂದು ದಿನ ಕಡಲಿನ ಹತ್ತಿರ ಹೋಗುತ್ತಾರೆ. ಆ ದಿನ ನೀರನ್ನು ಓದಲು ಬಂದರೆ ಉಳಿಯುತ್ತಾರೆ.

ಕಾಲೇಜು ಅರ್ಜಿಗಾಗಿ ಕಳಿಸಿದಿರಿ ಎಂದವರಿಗೆ: ಅವಳ ಅರ್ಜಿಯ ಪ್ರಬಂಧದಲ್ಲಿ ಈ ಪ್ರವಾಸ ಇರುವುದಿಲ್ಲ. ಹೊರಡುವ ಮೊದಲೇ ಮಾಡಿಕೊಂಡ ಒಪ್ಪಂದ ಅದು, ಅವಳೂ ಒಪ್ಪಿದ್ದಾಳೆ.

ಹುಡುಗಿ ಬಿಸಿಲಿಗೆ ಕಪ್ಪಾಗಿ ಬಂದಳು ಎಂದವರಿಗೆ ನನ್ನಲ್ಲಿ ಉತ್ತರವಿಲ್ಲ. ಆ ಮಾತನ್ನು ಅವಳ ಎದುರು ಇನ್ನೊಮ್ಮೆ ಆಡಬೇಡಿ.

ಒಂದು ಆಕ್ಷೇಪಕ್ಕೆ ಮಾತ್ರ ನಾನು ಅರ್ಧ ಸೋಲುತ್ತೇನೆ. ಅದನ್ನು ಬರೆದದ್ದು ಕಾಲೇಜಿನಲ್ಲಿ ಓದುವ ಹುಡುಗ, ಸಂಘದ ಮಕ್ಕಳಲ್ಲೇ ಒಬ್ಬ. ನೀವು ಹೋಗುವುದರಿಂದಲೇ ಆ ದಂಡೆ ಹಾಳಾಗುತ್ತದೆ, ವಿಮಾನದ ಹೊಗೆ ಬೇರೆ ಎನ್ನುವುದು ಅವನ ವಾದ. ಸುಳ್ಳಲ್ಲ. ನೊಸಾರಾದ ಉತ್ತರಕ್ಕಿರುವ ತಮರಿಂದೋ ಸರ್ಫಿಂಗಿಗೆ ಹೆಸರಾದ ಊರು. ಅದರ ಪಕ್ಕದ ಅಳಿವೆ ದಾಟಿದರೆ ಪ್ಲಾಯಾ ಗ್ರಾಂದೆ, ಕಡಲಾಮೆಗಳಲ್ಲೇ ದೊಡ್ಡದಾದ ಲೆದರ್‌ಬ್ಯಾಕ್ ಮೊಟ್ಟೆಯಿಡುವ ದಂಡೆ. 1980ರ ದಶಕದ ಕೊನೆಗೆ ಅಲ್ಲಿ ಒಂದು ಋತುವಿಗೆ ಸಾವಿರಕ್ಕೂ ಹೆಚ್ಚು ತಾಯಿ ಆಮೆಗಳು ಬರುತ್ತಿದ್ದವು, ಹತ್ತೇ ವರ್ಷದಲ್ಲಿ ನೂರರ ಆಸುಪಾಸಿಗೆ ಇಳಿದವು. ಮೊಟ್ಟೆಗಳ್ಳತನ, ನಡುಗಡಲಿನ ಮೀನುಬಲೆ ಮತ್ತು ಗಾಳಗಳು ದೊಡ್ಡ ಕಾರಣ. ಆದರೆ ಹೋಟೆಲಿನ ದೀಪಗಳೂ ಕಾರಣವೇ. ಮರಿಗಳು ಬೆಳಕು ಕಂಡತ್ತ ತಿರುಗುತ್ತವೆ, ಬೆಳಕು ಕಡಲಿನ ಕಡೆಯೇ ಇರಬೇಕು. ನೀರಿನ ಸಂಕಟವೂ ಇದೆ. 2008ರಲ್ಲಿ ಅದೇ ಪ್ರಾಂತದ ಸಾರ್ದಿನಾಲ್ ಊರಿನವರು ತಮ್ಮ ಅಂತರ್ಜಲವನ್ನು ಕೊಳವೆಯಲ್ಲಿ ಕಡಲ ಬದಿಯ ಪ್ರವಾಸಿ ಊರುಗಳಿಗೆ ಒಯ್ಯುವುದರ ವಿರುದ್ಧ ಬೀದಿಗಿಳಿದರು. ನೊಸಾರಾದಲ್ಲಿ ಅಮೆರಿಕದವರು ಕೊಂಡು ಕೊಂಡು ಭೂಮಿಯ ಬೆಲೆ ಏರಿ, ಊರಿನಲ್ಲೇ ಹುಟ್ಟಿದವರಿಗೆ ಬಾಡಿಗೆ ಮನೆ ಸಿಗುವುದು ಕಷ್ಟವಾಗಿದೆಯೆಂದು ಆ ಮನೆಯಾಕೆಯೇ ಮಗಳಿಗೆ ಹೇಳಿದರಂತೆ.

ಇಷ್ಟನ್ನೂ ಒಪ್ಪುತ್ತೇನೆ. ಒಪ್ಪದೆ ಉಳಿಯುವುದು ಇಷ್ಟು: ನೊಸಾರಾದ ಗಿಯೋನೆಸ್ ದಂಡೆಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಪಟ್ಟಿ ಒಸ್ತಿಯೊನಾಲ್ ವನ್ಯಧಾಮಕ್ಕೆ ಸೇರಿದ್ದು. ಅಲ್ಲಿ ನೀರಿನಲ್ಲಿ ನಿಂತು ತಿರುಗಿ ನೋಡಿದರೆ ಹೋಟೆಲು ಕಾಣದು, ಕಾಡು ಕಾಣುತ್ತದೆ. ಕಾನೂನು ಇದ್ದಲ್ಲಿ ಸರ್ಫಿಂಗೂ ಆಮೆಯೂ ಒಂದೇ ಮರಳನ್ನು ಹಂಚಿಕೊಳ್ಳುತ್ತವೆ. ವಿಮಾನದ ಹೊಗೆಗೆ ನನ್ನಲ್ಲಿ ಇಂಥ ಉತ್ತರವಿಲ್ಲ. ಮರಳು ಹೆಚ್ಚು ಬಿಸಿಯಾದಷ್ಟೂ ಮೊಟ್ಟೆಯಿಂದ ಹೆಣ್ಣುಮರಿಗಳೇ ಹೆಚ್ಚು ಹೊರಬರುತ್ತವೆ ಎಂದು ಮಗಳು ಕಲಿತು ಬಂದದ್ದು, ಆ ಬಿಸಿಗೆ ಪಾಲು ಸೇರಿಸಿದ ವಿಮಾನದಲ್ಲೇ ಹೋಗಿ. ಆ ಹುಡುಗ ಬರೆದದ್ದನ್ನು ಅವಳಿಗೆ ಓದಲು ಕೊಟ್ಟಿದ್ದೇನೆ. ಮುಂದಿನ ಬೇಸಿಗೆಗೆ ಮತ್ತೆ ಹೋಗುವ ಯೋಚನೆ ಇತ್ತು, ಈಗ ಇಲ್ಲ.

ಉಳಿದದ್ದು ನಮ್ಮ ದೊಡ್ಡಣ್ಣನ ಮಾತು. "ಊರಿಗೆ ಉಪಕಾರಿ, ಮನೆಗೆ ಮಾರಿ. ಇಲ್ಲಿ ಕಾಸರಕೋಡ ಟೊಂಕದಲ್ಲಿ ಅದೇ ಆಮೆ ಬರುತ್ತದೆ, ಮೂಲ್ಕಿಯಲ್ಲಿ ಅದೇ ಸರ್ಫಿಂಗ್ ಕಲಿಸುತ್ತಾರೆ. ಅಜ್ಜಿ ಮನೆ ಬಿಟ್ಟು ಯಾವುದೋ ದೇಶಕ್ಕೆ ಕಳಿಸಿದಿಯಲ್ಲೇ" ಅಂದ. ಅವನು ಹೇಳಿದ ಎರಡೂ ನಿಜ, ಆಮೆಯೂ ಅದೇ ಜಾತಿಯದು. ಆದರೆ ನಮ್ಮ ಮಕ್ಕಳಿಗೆ ದೊಡ್ಡ ರಜೆ ಸಿಗುವುದು ಜೂನ್-ಜುಲೈಯಲ್ಲಿ. ಆಗ ನಮ್ಮ ಕರಾವಳಿಯಲ್ಲಿ ಮಳೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಹೊಸಬರನ್ನು ಆ ಕಡಲಿಗೆ ಇಳಿಸಲು ಯಾವ ಮೇಷ್ಟ್ರೂ ಒಪ್ಪುವುದಿಲ್ಲ. ನಮ್ಮ ಆಮೆಗಳು ದಂಡೆ ಹತ್ತುವುದು ಚಳಿಗಾಲದಲ್ಲಿ. ಕೋಸ್ಟರಿಕಾದ ಪೆಸಿಫಿಕ್ ದಂಡೆಯಲ್ಲಿ ಜುಲೈ ಎಂದರೆ ಆಮೆಯ ಕಾಲ. ಕ್ಯಾಲೆಂಡರು ನೋಡಿ ಮಾಡಿದ ತೀರ್ಮಾನವನ್ನು ಅವನು ಪ್ರೀತಿಯ ಅಳತೆಗೋಲಿನಿಂದ ಅಳೆದ. ನನಗೆ ಅದು ನೋಯಿಸಿತು ಎಂದು ಅವನಿಗೂ ಹೇಳಿದ್ದೇನೆ.

ಇನ್ನೊಂದನ್ನೂ ಹೇಳಿದೆ. ಬರುವ ಡಿಸೆಂಬರ್‌ನ ಎರಡು ವಾರದ ರಜೆಗೆ ಊರಿಗೆ ಬರುತ್ತೇವೆ. ಬಂದರು ಕಾಮಗಾರಿಯ ವಿರುದ್ಧ ಮೀನುಗಾರರು ಹೋರಾಡುತ್ತಿರುವ ಆ ಟೊಂಕದ ದಂಡೆಯಲ್ಲಿ, ಅರಣ್ಯ ಇಲಾಖೆಯವರು ಮೊಟ್ಟೆ ಕಾಯುವ ಬೇಲಿಯ ಹತ್ತಿರ, ಹೊರಗಿನ ಹುಡುಗಿಯೊಬ್ಬಳು ನಸುಕಿನಲ್ಲಿ ಕೋಲು ಹಿಡಿದು ನಿಲ್ಲಬಹುದೋ ಇಲ್ಲವೋ, ಅಲ್ಲಿ ಹದ್ದಿನ ಕಾಟವೋ ನಾಯಿಯ ಕಾಟವೋ, ಯಾರನ್ನು ಕೇಳಬೇಕು ಎಂದು ಮಗಳೇ ಅವನ ಕೈಯಲ್ಲಿ ವಿಚಾರಿಸಲು ಹೇಳಿದ್ದಾಳೆ. "ಇಲ್ಲಿ ನಾಯಿಯದೇ ಕಾಟ ಮಗಾ" ಅಂದನಂತೆ. ಉಳಿದದ್ದನ್ನು ಕೇರಿಯ ಮೀನುಗಾರರನ್ನು ಕೇಳಿ ಹೇಳುತ್ತೇನೆ ಅಂದಿದ್ದಾನೆ.